ಊಟಿಯಿಂದ ತಂದ ಕೆಂಪು ಗೊಂಚಲು

ಆ ರೋಡೊಡೆಂಡ್ರಾನ್ ಹೂವಿನ ಗೊಂಚಲನ್ನು ನಾನು ಬಿಳಿಗಿರಿ ಬೆಟ್ಟದಲ್ಲಿ ಕಿತ್ತದ್ದಲ್ಲ. ಊಟಿಯಲ್ಲಿ ಕಿತ್ತದ್ದು. ಗೆಳೆಯ ಮಾದೇವನಿಗೆ ಸುಳ್ಳು ಹೇಳಿದೆ—ಮೊದಲು ತಮಾಷೆಗೆ, ಆಮೇಲೆ ಹೇಡಿತನದಿಂದ.

ಅರವತ್ತರ ದಶಕದಲ್ಲಿ ನಾವಿಬ್ಬರೂ ಕೊಳ್ಳೇಗಾಲದ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದೆವು. ರಜೆ ಬಂದರೆ ಅವನು ಯಳಂದೂರಿನ ಬಸ್ಸು ಹತ್ತಿ ಬೆಟ್ಟಕ್ಕೆ ಹೊರಟುಬಿಡುತ್ತಿದ್ದ. ಅಲ್ಲಿ ಎರಡು ಪೊದೆಗಳಿದ್ದವು. ಒಂದರ ಎಲೆ ಉಜ್ಜಿದರೆ ನೋವಿನ ಮುಲಾಮಿನ ವಾಸನೆ. ಇನ್ನೊಂದು ತಿನ್ನುವ ಹಣ್ಣಿನದು. ಮೊದಲನೆಯದರ ಅಂಡಾಶಯ ದಳಗಳ ಮೇಲೆ, ಎರಡನೆಯದರದು ಕೆಳಗೆ. ಅಷ್ಟಕ್ಕೇ ನಮ್ಮ ಪುಸ್ತಕ ಅವನ್ನು ಎರಡು ಕುಟುಂಬ ಮಾಡಿತ್ತು. ಮಾದೇವ ಒಪ್ಪಲಿಲ್ಲ. ಎರಡರ ಪರಾಗಕೋಶವೂ ತುದಿಯ ಸಣ್ಣ ರಂಧ್ರದಿಂದಲೇ ಪುಡಿ ಉದುರಿಸುತ್ತದೆ, ಇವು ಒಂದೇ ಮೂಲದವು, ಸಸ್ಯಶಾಸ್ತ್ರದಲ್ಲಿ ಹೀತ್ ಎನ್ನುವ ಒಂದೇ ಕುಟುಂಬ ಎನ್ನುತ್ತಿದ್ದ. ಅದೇ ಬಳಗದ, ಇಲ್ಲಿ ಯಾರೂ ಕಾಣದ ರೋಡೊಡೆಂಡ್ರಾನ್ ಕೂಡ ಇದೇ ಬೆಟ್ಟದಲ್ಲಿ ಸಿಕ್ಕಿಬಿಟ್ಟರೆ ತನ್ನ ಮಾತನ್ನು ಎಲ್ಲರೂ ಕೇಳುತ್ತಾರೆ—ಅದು ಅವನ ಕನಸು.

ಅವನಿಗೆ ಹೇಳದೆ ಊಟಿಯ ಮದುವೆಯೊಂದಕ್ಕೆ ಹೋಗಿ ಬಂದವನೇ ಹೂವಿಗೆ ಸುತ್ತಿದ್ದ ಒದ್ದೆ ಬಟ್ಟೆ ಬಿಚ್ಚಿ ತೋರಿಸಿ, "ನಿನ್ ಬೆಟ್ಟದ್ದೇ ಕಣ್ಲಾ" ಎಂದೆ. ಅವನು ನನ್ನನ್ನು ತಬ್ಬಿಕೊಂಡು ಅತ್ತುಬಿಟ್ಟ. ಆಗಲೇ ಹೇಳಬಹುದಿತ್ತು.

ಅವನು ಲೇಖನ ಬರೆದ. ಹೂವು ಕಂಡವನೆಂದು ನನ್ನ ಹೆಸರು ಹಾಕಿದ. ಅದನ್ನು ಪರಿಶೀಲಿಸಲು ಮೈಸೂರಿನಿಂದ ಒಬ್ಬ ಪ್ರೊಫೆಸರರು ಬಂದು ಮರ ತೋರಿಸಿ ಎಂದರು. ನಾನೇ ದಾರಿ ತಪ್ಪಿದವನಂತೆ ಅವರನ್ನು ಅಲೆಸಿದೆ. ಕೊನೆಗೆ ಅವರು ಕಾಲೇಜಿನಲ್ಲಿ ಎಲ್ಲರ ಮುಂದೆ, "ಇದು ನೀಲಗಿರಿಯ ಹೂವು. ಇವರು ಸುಳ್ಳು ಹೇಳ್ತಿದ್ದಾರೆ" ಎಂದರು. ಮಾದೇವ ಕೆರಳಿದ.

"ನನ್ ಸ್ನೇಹಿತ ಸುಳ್ ಏಳಲ್ಲ ಸಾ. ಬೆಟ್ಟ ಅತ್ತಕೆ ಆಗ್ದೋರು ಅವನ್ನ ಕಳ್ಳ ಅನ್ಬೇಡಿ!"

ನಾನು ಪಕ್ಕದಲ್ಲೇ ನಿಂತಿದ್ದೆ.

ಲೇಖನ ತಿರಸ್ಕೃತವಾಯಿತು. ಹೂವಿನ ಜೊತೆಗೆ ಅವನ ವಾದವೂ ಕಸಕ್ಕೆ ಹೋಯಿತು. ಅವನು ಕೆಲಸ ಬಿಟ್ಟು ತನ್ನೂರು ಬಂಡಳ್ಳಿಯ ಹೈಸ್ಕೂಲು ಸೇರಿದ. ಆಮೇಲೆ ಬಂದ ಹೊಸ ಪುಸ್ತಕಗಳು ಆ ಎರಡು ಪೊದೆಗಳನ್ನು ಒಂದೇ ಕುಟುಂಬದಲ್ಲಿ ಇಟ್ಟವು. ನಿವೃತ್ತನಾಗುವವರೆಗೂ ಪ್ರತಿ ವರ್ಷ ಅದನ್ನು ಪಾಠ ಮಾಡಿದೆ, ಅವನ ಹೆಸರೆತ್ತದೆ.

ಹೋದ ವಾರ ಬಂಡಳ್ಳಿಗೆ ಹೋಗಿ ಎಲ್ಲವನ್ನೂ ಹೇಳಿದೆ. ಬೈಯಲಿ ಎಂದು ಕಾದೆ. ಅವನು ಜಗಲಿಯ ಮೇಲೆ ಕೂತು ಕೊನೆಯವರೆಗೂ ಕೇಳಿದ.

"ಅಂಗಾರೆ ಆ ಪ್ರೊಫೆಸರ್ ಏಳಿದ್ದು ನಿಜ" ಎಂದ. "ಅವ್ರು ಬದುಕವ್ರಾ?"

"ಗೊತ್ತಿಲ್ಲ."

"ವಿಚಾರ್ಸು. ಎಲ್ರ ಮುಂದೆ ಬೈದ್ಬುಟ್ಟಿದ್ದೆ. ತಪ್ಪಾಯ್ತು ಅಂತ ಏಳ್ಬೇಕು."

ವಿಚಾರಿಸುತ್ತಿದ್ದೇನೆ. ಅವರಿದ್ದರೆ, ಮಾದೇವ ಆ ಮನೆಯ ಬಾಗಿಲಿಗೆ ಹೋಗುವ ಮೊದಲು ನಾನು ಹೋಗಬೇಕು.