ನಲ್ಲಿ ನೀರಿಗೆ ಒಗ್ಗುವ ಮೀನು

ನನ್ನ ಹೆಂಡತಿ ಪುಟ್ಟಲಕ್ಷ್ಮಿ ತಾಂಡವಪುರದ ಪಕ್ಕದ ನಮ್ಮೂರಿನಲ್ಲಿ ಅಂಗನವಾಡಿ ಟೀಚರ್. ನಾನು ಲಗೇಜ್ ಆಟೋ ಓಡಿಸುತ್ತೇನೆ. ಈ ಎರಡು ಕೆಲಸಕ್ಕೂ ಮೀನಿಗೂ ಯಾವ ಸಂಬಂಧವೂ ಇಲ್ಲ. ಆದರೂ ಹೋದ ದೀಪಾವಳಿಯಿಂದ ಯುಗಾದಿವರೆಗೆ ನಮ್ಮ ಮನೆಯಲ್ಲಿ ಮೀನಿನ ಮಾತು ಬಿಟ್ಟರೆ ಬೇರೆ ಮಾತಿರಲಿಲ್ಲ. ಅದೂ ತಿನ್ನುವ ಮೀನಾಗಿದ್ದರೆ ಸಹಿಸಿಕೊಳ್ಳುತ್ತಿದ್ದೆ.

ಆ ಶನಿಯನ್ನು ತಂದವನು ನಾನೇ. ನಂಜನಗೂಡಿನಲ್ಲಿ ಯಾರೋ ಮನೆ ಖಾಲಿ ಮಾಡುವಾಗ ಸಾಮಾನು ಸಾಗಿಸಿದ್ದೆ. ಕೊನೆಗೆ ಒಂದು ಗಾಜಿನ ಮೀನಿನ ತೊಟ್ಟಿ ಮಿಕ್ಕಿತು. ಇಟ್ಟುಕೊಳ್ಳಿ ಅಂದರು. ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಅನ್ನುವ ಜಾತಿ ನನ್ನದು. ಮನೆಗೆ ತಂದೆ. ಪುಟ್ಟಲಕ್ಷ್ಮಿ ಅದರ ಧೂಳನ್ನು ಸೆರಗಿನಲ್ಲೇ ಒರೆಸಿ, "ಇದು ಅಂಗನವಾಡಿಗೆ" ಅಂದಳು.

ಅವಳಿಗೆ ಅದು ಯಾಕೆ ಬೇಕಾಗಿತ್ತು ಅನ್ನುವುದು ನನಗೆ ಗೊತ್ತಿತ್ತು. ಆ ವರ್ಷ ನಮ್ಮೂರಿಗೆ ಹಳದಿ ಬಣ್ಣದ ಸ್ಕೂಲ್ ವ್ಯಾನು ಬರಲು ಶುರುವಾಗಿತ್ತು. ಟೈ, ಬೂಟು, ಇಂಗ್ಲಿಷು. ಅಂಗನವಾಡಿಯ ಮಕ್ಕಳು ಒಬ್ಬೊಬ್ಬರಾಗಿ ವ್ಯಾನು ಹತ್ತುತ್ತಿದ್ದರು. ಗಾರ್ಮೆಂಟ್ಸಿಗೆ ಹೋಗುವ ವಾಣಿ ಕೂಡ, ಜೂನ್ ಬಂದರೆ ಮಗಳು ಲಿಖಿತಾಳನ್ನು ವ್ಯಾನಿಗೆ ಹಾಕುತ್ತೇನೆ ಅಂದಿದ್ದಳು. ಆ ವಾಣಿ ಚಿಕ್ಕವಳಿದ್ದಾಗ ಇದೇ ಅಂಗನವಾಡಿಯಲ್ಲಿ ಪುಟ್ಟಲಕ್ಷ್ಮಿಯ ಮಡಿಲಲ್ಲಿ ಕೂತು ಉಪ್ಪಿಟ್ಟು ತಿಂದು ಬೆಳೆದವಳು. ಅವಳ ಮಗಳೂ ಕೈತಪ್ಪುತ್ತಾಳೆ ಅನ್ನುವ ಸಂಕಟವನ್ನು ನನ್ನ ಹೆಂಡತಿ ಬಾಯಿಬಿಟ್ಟು ಹೇಳಲಿಲ್ಲ. ಅದರ ಬದಲು ನನ್ನನ್ನು ಮೀನಿಗೆ ಕಳಿಸಿದಳು.

ನಂಜನಗೂಡಿನಲ್ಲಿ ಮೀನಿನ ಅಂಗಡಿ ಇಟ್ಟಿದ್ದ ಕಿರಣ್ ಎಂಬ ಹುಡುಗನಿಗೆ ನಾನು ಮೊದಲೇ ಹೇಳಿದೆ. "ನೋಡಪ್ಪಾ, ನಮ್ದು ಪಂಚಾಯ್ತಿ ನಲ್ಲಿ ನೀರು. ಒಂದಿನ ಬ್ಲೀಚಿಂಗ್ ವಾಸ್ನೆ, ಒಂದಿನ ಬೋರಿನ ಉಪ್ಪು. ಕರೆಂಟು ಇದ್ರೆ ಅದೆ, ಇಲ್ದಿದ್ರೆ ಇಲ್ಲ. ಭಾನುವಾರ ಯಾರೂ ಬಾಗ್ಲು ತೆಗೆಯಲ್ಲ. ಇದ್ಕೆಲ್ಲ ತಡ್ಕೊಳೋ ಮೀನು ಕೊಡು."

"ಗೋಲ್ಡ್ ಫಿಶ್ ತಗೊಂಡೋಗಿ ಸಾ, ಏನೂ ಆಗಲ್ಲ" ಅಂದ. ಜೊತೆಗೆ ಕೆಂಪು ಎಲೆಯ ಒಂದು ಗಿಡ, ಗುಳ್ಳೆ ಬಿಡುವ ಮೋಟಾರು.

ಮಕ್ಕಳು ಕುಣಿದಾಡಿಬಿಟ್ಟವು. ದಿನಾ ಅತ್ತುಕೊಂಡೇ ಬರುತ್ತಿದ್ದ ಲಿಖಿತಾ ಮೊದಲ ಸಲ ಅವ್ವನ ಕೈ ಬಿಡಿಸಿಕೊಂಡು ಒಳಗೆ ಓಡಿದಳು. ಒಂದು ತುತ್ತಿಗೂ ಬಾಯಿ ತೆರೆಯದ ಹುಡುಗಿ ಗಾಜಿನ ಮುಂದೆ ಕೂತರೆ ಇಡೀ ಮೊಟ್ಟೆ ತಿನ್ನುತ್ತಿದ್ದಳು. ಆ ರಾತ್ರಿ ಪುಟ್ಟಲಕ್ಷ್ಮಿ ನನಗೆ ಕೇಳದೆಯೇ ಎರಡನೇ ಸಲ ಸಾರು ಬಡಿಸಿದಳು.

ವಾರ ತುಂಬುವ ಮೊದಲೇ ಗೋಲ್ಡ್ ಫಿಶ್ ಹೊಟ್ಟೆ ಮೇಲೆ ಮಾಡಿಕೊಂಡು ತೇಲಿದವು. ಗಿಡ ಕೊಳೆತು ನೀರು ಗಬ್ಬು ನಾತ. ಮತ್ತೆ ಕಿರಣನ ಹತ್ತಿರ ಓಡಿದೆ. "ನೀರು ಹಿಡಿದ ತಕ್ಷಣ ಹಾಕಿದ್ರಾ ಸಾ? ಬ್ಲೀಚಿಂಗ್ ಹೋಗೋಕೆ ಒಂದಿನ ಬಕೆಟಲ್ಲಿ ಬಿಡ್ಬೇಕು" ಅಂದ. ಈ ಮಾತನ್ನು ಮೊದಲೇ ಉಸುರಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಸರಿ, ಅಂಗನವಾಡಿ ತುಂಬ ಬಕೆಟ್ಟುಗಳಾದವು. ಕೂರಲು ಮಕ್ಕಳಿಗೆ ಜಾಗವಿಲ್ಲ. ಎರಡನೇ ಸಲದ ಗೋಲ್ಡ್ ಫಿಶ್ ಇನ್ನೂ ಕೆಲವು ದಿನ ಬಾಳಿದವು, ಅಷ್ಟೆ. ಅವು ತಿನ್ನುವುದೇನು, ಹೊಲಸು ಮಾಡುವುದೇನು! ಅಷ್ಟು ಸಣ್ಣ ತೊಟ್ಟಿಗೆ ಆ ಜಾತಿ ಅಲ್ಲವೇ ಅಲ್ಲ ಅಂತ ಆಮೇಲೆ ತಿಳಿಯಿತು. ಕೊನೆಗೆ, "ಇದು ತೊಟ್ಟಿ ಕ್ಲೀನ್ ಮಾಡೋ ಮೀನು" ಅಂತ ಕಪ್ಪಗಿನ ಒಂದು ವಿಕಾರವನ್ನು ಕೊಟ್ಟ. ಕ್ಲೀನ್ ಮಾಡುವುದಿರಲಿ, ಅದೇ ತೊಟ್ಟಿಯನ್ನು ಚರಂಡಿ ಮಾಡಿ, ಕರೆಂಟು ಹೋದ ಒಂದು ಭಾನುವಾರ ತಾನೂ ಸತ್ತಿತು.

ಪಕ್ಕದ ಮನೆಯ ಕರಿಯಯ್ಯ ನಾನು ಪ್ಲಾಸ್ಟಿಕ್ ಕವರಿನಲ್ಲಿ ಮೀನು ತರುವುದನ್ನು ನೋಡಿದಾಗಲೆಲ್ಲ ಜಗುಲಿಯಿಂದಲೇ ಕೂಗುತ್ತಿದ್ದ. "ಲೇ, ಸಾರಿಗೆ ಸಾಲಲ್ಲ ಕಣ್ಲಾ ಅವು!"

ನನಗೆ ಮೈ ಉರಿಯುತ್ತಿತ್ತು. ಪುಟ್ಟಲಕ್ಷ್ಮಿಯದು ಇನ್ನೊಂದು ಪಾಡು. ದಿನಾ ಎಲ್ಲರಿಗಿಂತ ಮೊದಲು ಹೋಗಿ ಬೀಗ ತೆಗೆದು, ಸತ್ತ ಮೀನಿದ್ದರೆ ಎತ್ತಿ ಹಿತ್ತಲಲ್ಲಿ ಹೂತು, ಏನೂ ಆಗದವಳ ಹಾಗೆ ಕಸ ಗುಡಿಸುವುದು. ಮಕ್ಕಳು ಕೇಳಿದರೆ "ನೆಂಟರ ಮನೆಗೆ ಓಗ್ಯದೆ" ಅನ್ನುವುದು. ಒಂದು ದಿನ ಅವಳಿಗಿಂತ ಮುಂಚೆ ಲಿಖಿತಾ ಬಂದು ಕಿಟಕಿಯಿಂದ ಇಣುಕಿಬಿಟ್ಟಿದ್ದಳು. ಅದಾದ ಮೇಲೆ ಮಗು ಅಂಗನವಾಡಿಯ ಕಡೆ ತಲೆ ಹಾಕಲಿಲ್ಲ. ವಾಣಿ ದಾರಿಯಲ್ಲಿ ಸಿಕ್ಕು, "ರಾತ್ರಿ ಬೆಚ್ಚಿ ಬೀಳ್ತಾಳೆ ಟೀಚರ್, ಅದನ್ನ ತೆಗೆದಾಕ್ಬಿಡಿ ಅತ್ಲಾಗೆ" ಅಂದಳಂತೆ.

ಮನೆಗೆ ಬಂದವಳು ಚೀಲವನ್ನು ಮೂಲೆಗೆ ಒಗೆದಳು. "ಈ ಊರಿನ ನೀರಲ್ಲಿ ಯಾವ್ದೂ ಬದ್ಕಲ್ಲ ಕಣ್ರೀ" ಅಂದು ಅತ್ತಳು. ಇಷ್ಟು ವರ್ಷದ ಸಂಸಾರದಲ್ಲಿ ಅವಳು ಅತ್ತಿದ್ದನ್ನು ನಾನು ನೋಡಿದ್ದು ಕಮ್ಮಿ. ನನಗೆ ಕಿರಣನ ಮೇಲೆ, ಪಂಚಾಯ್ತಿಯ ಮೇಲೆ, ವ್ಯಾನಿನ ಮೇಲೆ, ಎಲ್ಲದರ ಮೇಲೂ ಕೆಂಡದಂಥ ಸಿಟ್ಟು ಬಂತು.

ಮಾರನೆಯ ದಿನ ಅಂಗನವಾಡಿಯ ಮುಂದೆ ದನಗಳು ನೀರು ಕುಡಿಯುವ ಸಿಮೆಂಟ್ ತೊಟ್ಟಿಯ ಹತ್ತಿರ ಬಕೆಟ್ ತೊಳೆಯುತ್ತಿದ್ದವಳು ಗಟ್ಟಿಯಾಗಿ ಕರೆದಳು. ಹೋಗಿ ನೋಡಿದೆ. ಆ ತೊಟ್ಟಿಗೂ ಅದೇ ನಲ್ಲಿಯ ನೀರು. ಅದನ್ನು ತೊಳೆದ ಪುಣ್ಯಾತ್ಮ ಯಾರೂ ಇಲ್ಲ. ಅದರಲ್ಲಿ ಬೆರಳುಗುರಿನಷ್ಟು ಉದ್ದದ ಮೀನುಗಳು ಗಿಜಿಗುಡುತ್ತಿದ್ದವು. ಗಂಡುಗಳ ಬಾಲದಲ್ಲಿ ಕಿತ್ತಳೆ, ನೀಲಿ ಚುಕ್ಕಿ. ಸೊಳ್ಳೆ ಮರಿ ತಿನ್ನಲಿ ಅಂತ ಆರೋಗ್ಯ ಇಲಾಖೆಯವರು ಎಂದೋ ಬಿಟ್ಟುಹೋಗಿದ್ದ ಗಪ್ಪಿ ಮೀನು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದಿದ್ದೆವು. ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ.

ಗುಳ್ಳೆ ಮೋಟಾರನ್ನು ಕಿತ್ತು ಬಿಸಾಕಿದೆ. ನಾಲೆಗೆ ಇಳಿದು, ನೀರಿನೊಳಗೇ ಬೆಳೆಯುವ ಹಸಿರು ಬಳ್ಳಿಯಂಥ ಗಿಡವನ್ನು ಹಿಡಿ ತುಂಬ ಕಿತ್ತು ತಂದೆ. ಹಿಂದಿನ ದಿನ ಹಿಡಿದಿಟ್ಟ ನಲ್ಲಿ ನೀರು, ಆ ಗಿಡ, ದನದ ತೊಟ್ಟಿಯ ಮೀನು, ಕಿಟಕಿಯ ಬೆಳಕು. ಅಷ್ಟೇ. ಒಂದೂ ಸಾಯಲಿಲ್ಲ. ಅವು ಮೊಟ್ಟೆ ಇಡುವ ಜಾತಿಯಲ್ಲ, ಮರಿಯನ್ನೇ ಹಾಕುತ್ತವೆ. ಯುಗಾದಿಯ ಹೊತ್ತಿಗೆ ಗಿಡದ ಸಂದಿಯಲ್ಲೆಲ್ಲ ಸಾಸಿವೆ ಕಾಳಿನ ಹಾಗೆ ಕಣ್ಣುಗಳು. ಲಿಖಿತಾ ವಾಪಸ್ಸು ಬಂದಳು. ಬೆಳಿಗ್ಗೆ ಬಂದರೆ ಸಂಜೆಯಾದರೂ ಮನೆಗೆ ಹೊರಡುತ್ತಿರಲಿಲ್ಲ. ಪುಟ್ಟಲಕ್ಷ್ಮಿ ಧೈರ್ಯ ಮಾಡಿ ವಾಣಿಗೆ ಹೇಳಿದಳು: "ಇನ್ನೊಂದು ವರ್ಷ ಇಲ್ಲೇ ಇರ್ಲಿ ಬುಡು."

ವಾಣಿ "ನೋಡ್ತೀನಿ ಟೀಚರ್" ಅಂದಳು. ನಮಗೆ ಅಷ್ಟೇ ಸಾಕಾಗಿತ್ತು.

ಜೂನ್ ಬಂತು. ಒಂದು ಬೆಳಿಗ್ಗೆ ನಾನು ಅಂಗನವಾಡಿಗೆ ಅಕ್ಕಿ ಮೂಟೆ ಇಳಿಸುತ್ತಿದ್ದೆ. ವಾಣಿ ಓಡಿಬಂದಳು. ಒಂದು ಕೈಯಲ್ಲಿ, ಕತ್ತಿಗೆ ಟೈ ಕಟ್ಟಿಕೊಂಡು ಬಿಕ್ಕುತ್ತಿದ್ದ ಲಿಖಿತಾ; ಇನ್ನೊಂದು ಕೈಯಲ್ಲಿ ಖಾಲಿ ನೀರಿನ ಬಾಟಲಿ. ಮೂಲೆಯಲ್ಲಿ ವ್ಯಾನು ಹಾರನ್ ಹೊಡೆಯುತ್ತಿತ್ತು.

"ವ್ಯಾನ್ ಅತ್ತಲ್ಲ ಅಂತ ಅಟ ಮಾಡ್ತಾಳೆ ಟೀಚರ್. ಮೀನು ಬೇಕಂತೆ. ಎಲ್ಡು ಇದ್ರಲ್ಲಿ ಹಾಕ್ಕೊಡಿ, ಮನೇಲಿ ಮಡಿಕ್ಕೋತೀವಿ. ಅಂಗಾದ್ರೂ ಓಯ್ತಾಳೇನೋ."

ನನ್ನ ಬಾಯಿಗೆ ಬೈಗುಳ ಬಂದಿತ್ತು. ಪುಟ್ಟಲಕ್ಷ್ಮಿ ಬಾಟಲಿ ಇಸಿದುಕೊಂಡು ಒಳಗೆ ಹೋದಳು. ಟೀ ಸೋಸುವ ಜರಡಿಯಲ್ಲಿ ಚಂದದ ಬಾಲದ ಒಂದು ಗಂಡನ್ನೂ ಹೊಟ್ಟೆ ದಪ್ಪಗಿದ್ದ ಒಂದು ಹೆಣ್ಣನ್ನೂ ಆರಿಸಿ ಹಿಡಿದಳು. ಎರಡು ಎಳೆ ಗಿಡವನ್ನೂ ಹಾಕಿದಳು.

"ನಲ್ಲಿ ನೀರನ್ನ ಹಿಡ್ದೇಟ್ಗೇ ಹಾಕ್ಬೇಡ ವಾಣಿ. ಒಂದಿನ ಬುಟ್ಟು ಹಾಕು. ಊಟ ಚಿಟಿಕೆಯಷ್ಟು ಸಾಕು."

ಲಿಖಿತಾ ಬಾಟಲಿಯನ್ನು ಎದೆಗವಚಿಕೊಂಡಳು. ಅಳು ನಿಂತಿತು. ಬಾಟಲಿಯಿಂದ ಕಣ್ಣು ಕೀಳದೆ ನಡೆದುಹೋಗಿ ವ್ಯಾನು ಹತ್ತಿದಳು. ಟೀಚರ್ ಕಡೆ ತಿರುಗಿಯೂ ನೋಡಲಿಲ್ಲ.

"ತಲೆ ಕೆಟ್ಟದಾ ನಿಂಗೆ? ಕೊಡ್ದೇ ಇದ್ದಿದ್ರೆ ಮಗು ಇಲ್ಲಿಗೇ ಬತ್ತಿತ್ತಲ್ಲ!" ಅಂತ ರೇಗಿದೆ.

"ಬತ್ತಿತ್ತು" ಅಂದಳು. "ಆದ್ರೆ ಅವ್ಳವ್ವನ ಕೈಲಿ ಏಟು ತಿಂದು ಬತ್ತಿತ್ತು."

ಮರುದಿನ ಬೆಳಿಗ್ಗೆ ಅವಳು ಬೀಗ ತೆಗೆಯುವಾಗ ಇನ್ನಿಬ್ಬರು ತಾಯಂದಿರು ಟೈ ಕಟ್ಟಿದ ಮಕ್ಕಳ ಜೊತೆ ಖಾಲಿ ಬಾಟಲಿ ಹಿಡಿದುಕೊಂಡು ಬಾಗಿಲಲ್ಲಿ ಕಾಯುತ್ತಿದ್ದರು.