ಲಾರಿ ಹತ್ತದವಳು

ಐವತ್ತರ ದಶಕದ ಕೊನೆಯ ಮಾತು. ಕಾಫಿ ಕೊಯ್ಲು ಮುಗಿದು ಮೂಟೆಯೆಲ್ಲ ಸಾಗಿಸಿ ಆದಮೇಲೆ, ಎಸ್ಟೇಟಿನ ಸಾಹುಕಾರರು ಒಂದು ದಿನದ ಮಟ್ಟಿಗೆ ಲಾರಿಯನ್ನ ನನ್ನ ಕೈಗೆ ಬಿಟ್ಟರು. ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟು, ಕ್ಲೀನರ್ ಆಗಿ ಸೇರಿ, ಡ್ರೈವರ್ ಸೀಟಿಗೆ ಬಂದವನು ನಾನು. ಆ ಲಾರಿಯಲ್ಲಿ ಕಂಡವರ ಕಾಫಿ ಹೊತ್ತಿದ್ದೆನೇ ಹೊರತು ನನ್ನವರನ್ನ ಒಂದು ದಿನವೂ ಕೂರಿಸಿರಲಿಲ್ಲ. ಇಡೀ ಮನೆಯನ್ನ ಹತ್ತಿಸಿಕೊಂಡು ಸಕಲೇಶಪುರದ ಪೇಟೆ ನಡುವೆ ಹಾದುಹೋಗಬೇಕು, ನೋಡೋರು ನೋಡಲಿ ಅಂತ ಆಸೆ.

ನಮ್ಮ ಕಡೆ ಮದುವೆ, ಸಾವು, ದೇವರು, ಇಷ್ಟಕ್ಕೇ ಜನ ಊರು ಬಿಡೋದು. ಸುಮ್ನೆ ಹೋಗ್ಬರಾನ ಅಂದರೆ ಅಪ್ಪನಿಗೆ ಅರ್ಥವೇ ಆಗಲಿಲ್ಲ.

"ಸುಮ್ನೆ ಅಂದ್ರೆ ಏನ್ ಕೆಲ್ಸ ಐತೋ ಅಲ್ಲಿ?"

ಕೆಲಸವಿಲ್ಲ ಅಂತ ತಿಳಿದಮೇಲೆ ಒಬ್ಬೊಬ್ಬರಿಗೂ ಒಂದೊಂದು ಕೆಲಸ ಹುಟ್ಟಿಕೊಂಡಿತು. ಅಪ್ಪನಿಗೆ, ವಯಸ್ಸಿನಲ್ಲಿ ಎತ್ತಿನ ಗಾಡಿ ಹೊಡೆದ ಮಾರನಹಳ್ಳಿ ಘಾಟಿ ನೋಡಬೇಕು. ಅವ್ವನಿಗೆ ಹೆಗ್ಗದ್ದೆಯ ತಂಗಿ ಮನೆ. ಮಗನಿಗೂ ಮಗಳಿಗೂ ಆನೇಮಹಲ್ ಹತ್ತಿರದ ಕೋಟೆ. ಅಪ್ಪ ಲಿಂಗಪೂಜೆಯಾಗದೆ ಬಾಯಿಗೆ ನೀರೂ ಹಾಕೋನಲ್ಲ. ಬೆಳಕು ಹರಿಯೋ ಮುಂಚೆ ಹೊರಡೋದರಿಂದ, ಅವನಿಗಾಗಿ ದಾರಿಯ ಹಳ್ಳದ ಹತ್ತಿರ ನಿಲ್ಲಿಸೋದು ಅಂತಾಯಿತು.

ಕೊನೆಗೆ ಹೆಂಡತಿಯನ್ನ ಕೇಳಿದೆ. ಬುತ್ತಿಗೆ ರೊಟ್ಟಿ ತಟ್ಟುತ್ತಿದ್ದವಳು ಕೈ ನಿಲ್ಲಿಸಲಿಲ್ಲ.

"ನೀವೆಲ್ಲ ಹೋಗ್ಬನ್ನಿ. ನಾನು ಮನೇಲಿ ಸುಮ್ನೆ ಇರ್ತೀನಿ."

"ಯಾಕೆ, ಹುಷಾರಿಲ್ವಾ?"

"ಹುಷಾರಾಗಿದ್ದೀನಿ. ಅದಕ್ಕೇ."

"ಹೆಂಡ್ತೀನ ಬಿಟ್ಟು ಮೆರವಣಿಗೆ ಹೊಂಟ ಅನ್ನಲ್ವಾ ಜನ?"

"ಜನಕ್ಕೆ ಲಾರಿ ತೋರ್ಸಿ. ನನ್ನ್ಯಾಕೆ ತೋರಿಸ್ತೀರಾ?"

ನನಗೆ ಮೈ ಉರಿಯಿತು. ಒಳಗಿಂದ ಅವ್ವ ಕೂಗಿದಳು. "ಬಿಟ್ಬುಡೋ ಅವಳ್ನ. ಈ ಮನೇಗೆ ಬಂದಾಗಿಂದ ಅವಳು ಒಬ್ಳೇ ಕೂತಿದ್ದು ನಾನಂತೂ ಕಂಡಿಲ್ಲ." ಅವ್ವ ಸೊಸೆಯ ಪರ ಮಾತಾಡೋದು ಅಪರೂಪ. ಮುಖ ಊದಿಸಿಕೊಂಡೇ ಲಾರಿ ಹತ್ತಿದೆ.

ದಾರಿಯುದ್ದಕ್ಕೂ ಕಂಡವರದೆಲ್ಲ ಒಂದೇ ವಿಚಾರಣೆ. "ಯಾರ ಮದುವೆ ಮಾರಾಯ?" ಅಪ್ಪ ಹಳ್ಳದಲ್ಲಿ ಮಿಂದು ಬಂಡೆ ಮೇಲೆ ಪೂಜೆಗೆ ಕೂತ. ಅವನು ಕಣ್ಣು ಬಿಡೋವರೆಗೆ ನಾವ್ಯಾರೂ ಬುತ್ತಿ ಗಂಟು ಮುಟ್ಟಲಿಲ್ಲ. ಮಕ್ಕಳು ಕೋಟೆ ಗೋಡೆ ಮೇಲೆ ಓಡಿ ಮಂಡಿ ತರಚಿಕೊಂಡವು. ಮಾರನಹಳ್ಳಿಯಲ್ಲಿ ಅಪ್ಪ ಕೆಳಗಿನ ತಿರುವುಗಳನ್ನ ನೋಡುತ್ತಾ, ಇಳಿಜಾರಲ್ಲಿ ಓಡದ ಹಾಗೆ ಗಾಡಿಯ ಹಿಂದೆ ದಿಮ್ಮಿ ಕಟ್ಟಿ ಇಳಿಸುತ್ತಿದ್ದ ಕಾಲದ ಎತ್ತುಗಳ ಹೆಸರು ಹೇಳಿದ. ಎಲ್ಲರೂ ಖುಷಿಯಾಗಿದ್ದರು. ನಾನೊಬ್ಬ, ಬೆವರು ಸುರಿಸಿ ಗಳಿಸಿದ ಮರ್ಯಾದೆಯನ್ನ ಅವಳು ಒಲೆ ಮುಂದೆ ಕೂತೇ ತಳ್ಳಿಬಿಟ್ಟಳು ಅಂತ ಕುದಿಯುತ್ತಿದ್ದೆ.

ಹಿಂದಿರುಗುವಾಗ ಹೆಗ್ಗದ್ದೆಗೆ ಹೋದೆವು. ಚಿಕ್ಕವ್ವ ಲಾರಿಯೊಳಗೆ ಇಣುಕಿದಳು.

"ನಿನ್ನ ಹೆಂಡ್ತಿ ಎಲ್ಲೋ? ಜಗಳ ಆಡ್ಕಂಡ್ರಾ?"

ಜ್ವರ ಅಂದುಬಿಡೋಣ ಅಂತ ಬಾಯಿ ತೆರೆದೆ. ಅವ್ವ ಅಡ್ಡ ಬಂದಳು.

"ಮನೇಲವ್ಳೆ. ಇರ್ಬೇಕು ಅನ್ನುಸ್ತಂತೆ, ಇದ್ದಾಳೆ."

"ಒಬ್ಳೇನಾ?"

"ಒಬ್ಳೇ."

ಚಿಕ್ಕವ್ವನದು ತುಂಬಿದ ಮನೆ. ಆ ಹೊತ್ತಿಗೂ ಒಳಗೆ ಎರಡು ಕೂಸು ಪೈಪೋಟಿಯ ಮೇಲೆ ಅಳುತ್ತಿದ್ದವು, ಯಾರೋ ಅವಳನ್ನ ಕರೆಯುತ್ತಿದ್ದರು. ಅವಳು ತಿರುಗಿ ನೋಡಲಿಲ್ಲ.

"ಪುಣ್ಯ ಮಾಡವ್ಳೆ ಕಣಕ್ಕ," ಅಂದಳು ಮೆಲ್ಲಗೆ.

ಮನೆ ದಾರಿಯಲ್ಲಿ ಬೆಳಗಿನ ಸಿಟ್ಟು ಹುಡುಕಿದರೂ ಸಿಗಲಿಲ್ಲ.

ದೀಪ ಹಚ್ಚೋ ಹೊತ್ತಿಗೆ ತಲುಪಿದೆವು. ಹೆಂಡತಿ ತಲೆಗೆ ಎರೆದುಕೊಂಡು, ಕೂದಲು ಹರವಿ, ಜಗಲಿ ಮೇಲೆ ಕೂತಿದ್ದಳು. ಒಲೆ ಹಚ್ಚಿರಲಿಲ್ಲ. ಅಪ್ಪ ಅಡಿಗೆಮನೆ ಕಡೆ ನೋಡಿ ಕೆಮ್ಮಿದ. "ಬುತ್ತಿ ಉಳಿದೈತೆ, ಅದನ್ನೇ ತಿನ್ನಾನ," ಅಂದೆ. ಅವ್ವ ಎಲ್ಲರಿಗೂ ಬಡಿಸಿದಳು, ಸೊಸೆಗೂ.

"ಇಡೀ ದಿನ ಏನ್ ಮಾಡ್ದೆ?" ಅಂತ ಕೇಳಿದೆ.

"ಹೇಳ್ಬುಟ್ರೆ ಅದೂ ಎಲ್ಲಾರ್ದೂ ಆಗೋಯ್ತದೆ," ಅಂದಳು.

ಅವ್ವ ನಕ್ಕಳು. ನಾನು ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.