ಅರಸೀಕೆರೆಯಲ್ಲಿ ಹತ್ತು ನಿಮಿಷ

ಜರ್ಮನಿಗೆ ಬಂದ ಮೂರನೆಯ ದಿನ ಬೆಳಿಗ್ಗೆ ಎಣ್ಣೆಸ್ನಾನ ಮುಗಿಸಿ, ತಲೆಗೆ ಟವಲು ಸುತ್ತಿಕೊಂಡು ಕಾಫಿಗೆ ಹಾಲಿಡುತ್ತಿದ್ದೆ. ಹೊರಗೆಲ್ಲೋ ಉಗಿಬಂಡಿ ಕೂಗಿತು. ಕೈಯಲ್ಲಿದ್ದ ಪಾತ್ರೆ ಜಾರಿತು. ಅರಸೀಕೆರೆಯಲ್ಲಿ ಮೀಟರ್ ಗೇಜ್ ಹಳಿ ಕಿತ್ತುಹಾಕಿದಾಗ ನಾನಿನ್ನೂ ಹೈಸ್ಕೂಲಿನಲ್ಲಿದ್ದೆ. ಆಮೇಲೆ ಆ ಕೂಗನ್ನು ಕನಸಿನಲ್ಲಿ ಬಿಟ್ಟರೆ ಬೇರೆಲ್ಲೂ ಕೇಳಿರಲಿಲ್ಲ. ಬಂದು ಮೂರು ದಿನಕ್ಕೇ ತಲೆ ಕೆಟ್ಟಿತಲ್ಲಪ್ಪ ಶಿವನೇ ಎಂದುಕೊಂಡೆ. ಅಷ್ಟರಲ್ಲಿ ಮತ್ತೊಮ್ಮೆ ಕೂಗಿತು. ತಲೆಯ ಟವಲಿನಲ್ಲೇ ಕೋಟು ಎಳೆದುಕೊಂಡು ಮೆಟ್ಟಿಲಿಳಿದು ಓಡಿದೆ.

ಎರಡು ಬೀದಿ ಆಚೆಗೆ ರೈಲು ಹಳಿ. ಕಪ್ಪು ಇಂಜಿನ್ನು, ಕೆಂಪು ಚಕ್ರ, ಬುಸುಬುಸು ಹೊಗೆ ಬಿಡುತ್ತಾ ಐದಾರು ಡಬ್ಬಿ ಎಳೆದುಕೊಂಡು ಹಾರ್ಟ್ಸ್ ಬೆಟ್ಟದ ಕಡೆಗೆ ಹತ್ತಿ ಹೋಯಿತು. ಅದು ಮರೆಯಾದ ಮೇಲೆ ಚಿಕ್ಕಂದಿನಲ್ಲಿ ಮಾಡುತ್ತಿದ್ದುದನ್ನೇ ಮಾಡಿದೆ. ಈ ಹಳಿಯ ಮೇಲೊಂದು ಕಾಲು, ಆ ಹಳಿಯ ಮೇಲೊಂದು ಕಾಲು ಇಟ್ಟು ನಿಂತೆ. ಸರಿಯಾಗಿ ಎಟುಕಿತು. ಈಗ ನಮ್ಮೂರಿನಲ್ಲಿರುವ ಬ್ರಾಡ್ ಗೇಜ್ ನನ್ನ ಕಾಲಿಗೆ ಎಟುಕುವುದಿಲ್ಲ. ಇದು ಮೀಟರ್ ಗೇಜೇ, ನಮ್ಮದೇ! ನಾಯಿ ಹಿಡಿದುಕೊಂಡು ಬರುತ್ತಿದ್ದ ಹೆಂಗಸೊಬ್ಬಳು ನನ್ನನ್ನು ನೋಡಿ ‘ಫೆರ್‌ಬೋಟನ್’ ಎಂದು ಕಿರುಚಿದಳು. ಅಂದರೆ ನಿಷಿದ್ಧ. ತರಗತಿಯಲ್ಲಿ ಕಲಿತಿದ್ದ ಜರ್ಮನ್ ಭಾಷೆ ಬೀದಿಯಲ್ಲಿ ಮೊದಲು ಅರ್ಥವಾಗಿದ್ದು ಹೀಗೆ.

ನಾನು ಶೈಲಜಾ. ಅರಸೀಕೆರೆಯ ಕೊಬ್ಬರಿ ಮಂಡಿಯವರ ಮನೆಯ ಕಿರಿ ಮಗಳು. ಹಾಸನದ ಲ್ಯಾಬೊಂದರಲ್ಲಿ ಕಟ್ಟು ಹಲ್ಲು ಮಾಡುತ್ತಿದ್ದೆ. ಈಗ ಇಲ್ಲಿಯವರ ಬಾಯಿಗೆ ಮಾಡುತ್ತೇನೆ. ಮೇಣ, ಪ್ಲಾಸ್ಟರು, ಸಾಸಿವೆ ಕಾಳಿನಷ್ಟು ಸಣ್ಣ ಉಜ್ಜುಕಲ್ಲು, ಇವೇ ನನ್ನ ಸಾಮಾನು. ಮದುವೆ ಯಾಕಾಗಲಿಲ್ಲ ಎಂದು ಕೇಳುವವರು ನಮ್ಮೂರಲ್ಲಿ ಬೇಕಾದಷ್ಟು ಜನರಿದ್ದಾರೆ, ಅವರನ್ನೇ ಕೇಳಿಕೊಳ್ಳಿ. ಮಂಡಿ ನೋಡಿಕೊಳ್ಳುವವಳು ನನಗಿಂತ ಏಳು ವರ್ಷ ದೊಡ್ಡವಳಾದ ಸರೋಜಕ್ಕ. ನಲವತ್ತು ದಾಟಿದ ಮೇಲೆ ನಾನು ದೇಶ ಬಿಡುತ್ತೇನೆ ಎಂದಾಗ ಅವಳು ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಚಟ್ನಿಪುಡಿ ಕುಟ್ಟಲು ಕೂತಳು.

ಇಲ್ಲಿ ಬದುಕು ಕಷ್ಟವೇನಲ್ಲ, ಆದರೆ ಸದ್ದಿಲ್ಲ. ನಮ್ಮಲ್ಲಿ ಬೆಳಿಗ್ಗೆ ಎದ್ದರೆ ಆಟೋ, ಹಾಲಿನವನು, ಪಕ್ಕದ ಮನೆಯ ಮಿಕ್ಸಿ. ಇಲ್ಲಿ ಮೆಟ್ಟಿಲ ಮೇಲೆ ಎದುರಾದರೆ ‘ಗುಟೆನ್ ಮೋರ್ಗೆನ್’ ಎಂದು ಶುಭೋದಯ ಹೇಳುತ್ತಾರೆ, ಮುಗಿಯಿತು. ಊಟ ಆಯಿತೇ ಎಂದು ಯಾರೂ ಯಾರನ್ನೂ ಕೇಳುವುದಿಲ್ಲ. ಮೊದಲ ತಿಂಗಳು ಅದಕ್ಕೇ ಅತ್ತಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಎರಡನೆಯ ತಿಂಗಳು ಒಂದು ಭಾನುವಾರ ಏಷ್ಯಾದವರ ಅಂಗಡಿಯಿಂದ ತಂದ ತೆಂಗಿನಕಾಯಿ ಒಡೆಯಲು ಹೊರಟೆ. ಅಲ್ಲಾಡಿಸಿದರೆ ನೀರಿನ ಸದ್ದೇ ಇಲ್ಲ. ಊರಿನಲ್ಲಾಗಿದ್ದರೆ ಅಡುಗೆಗೆ ಬಾರದೆಂದು ಅಕ್ಕ ಅದನ್ನು ಆಚೆಗೆ ಎಸೆಯುತ್ತಿದ್ದಳು. ಮನೆಯಲ್ಲಿ ಕಲ್ಲಿಲ್ಲ, ಮಚ್ಚಿಲ್ಲ. ಬಾಲ್ಕನಿಯ ಸಿಮೆಂಟಿಗೆ ಕುಕ್ಕಿದೆ. ನಾಲ್ಕನೆಯ ಏಟಿಗೆ ಕಾಯಿ ಒಡೆಯಿತು, ಬಾಗಿಲ ಗಂಟೆಯೂ ಬಡಿಯಿತು.

ಕೆಳಗಿನ ಮನೆಯ ಹೆರ್ ಲಿಂಡ್ನರ್ ನಿಂತಿದ್ದರು. ಹೆರ್ ಎಂದರೆ ನಮ್ಮ ‘ಶ್ರೀಯುತ’ರ ಹಾಗೆ. ಎಪ್ಪತ್ತು ದಾಟಿದ ನೆಟ್ಟಗಿನ ಮನುಷ್ಯ.

"ಇಂದು ಭಾನುವಾರ. ರೂಹೆ," ಎಂದರು.

ರೂಹೆ ಅಂದರೆ ನಿಶ್ಶಬ್ದ. ಭಾನುವಾರ ಇಲ್ಲಿ ಮೊಳೆ ಹೊಡೆಯಬಾರದು, ಗೋಡೆ ಕೊರೆಯಬಾರದು. ಕಾಯಿ ಒಡೆಯಬಾರದೆಂದು ಯಾವ ಕಾಗದದಲ್ಲೂ ಬರೆದಿರಲಿಲ್ಲ, ಆದರೂ ಕ್ಷಮೆ ಕೇಳಿದೆ. ಅವರ ಕಣ್ಣು ನನ್ನ ಹಿಂದಿದ್ದ ಮೇಜಿನ ಮೇಲೆ ಹೋಯಿತು. ಸಂಜೆ ಹೊತ್ತು ಹೋಗದೆ ಹಲ್ಲಿನ ಮೇಣದಲ್ಲಿ ನಾನು ಕೆತ್ತಿಟ್ಟಿದ್ದ ಬೆರಳುದ್ದದ ಇಂಜಿನ್ ಅಲ್ಲಿತ್ತು.

"ಇದು ಯಾವ ರೈಲುದಾರಿಯದು?"

"ನಮ್ಮೂರಿನದು. ಮೀಟರ್ ಗೇಜ್. ಈಗ ಇಲ್ಲ."

ಅವರು ಕೇಳದೆಯೇ ಒಳಗೆ ಬಂದು ಕೂತರು. ಮೂವತ್ತೆಂಟು ವರ್ಷ ಅದೇ ಬೆಟ್ಟದ ರೈಲಿನಲ್ಲಿ ಡ್ರೈವರ್ ಆಗಿದ್ದವರಂತೆ. ಒಂದು ಚೂರು ಕಾಯಿ ಕೊಟ್ಟೆ. ತುಂಬಾ ಹೊತ್ತು ಅಗಿದು, ಬುಧವಾರ ಸಂಜೆ ನಮ್ಮ ಫೆರೈನಿಗೆ ಬನ್ನಿ ಎಂದರು.

ಫೆರೈನ್ ಅಂದರೆ ಸಂಘ. ಹಳೆಯ ಶಾಲೆಯೊಂದರ ನೆಲಮಾಳಿಗೆಯಲ್ಲಿ ಒಂಬತ್ತು ಜನ ಗಂಡಸರು ಕೂತು ಪುಟ್ಟ ಮಾದರಿ ರೈಲು ಕಟ್ಟುತ್ತಾರೆ. ಎಲ್ಲವೂ ನಿಜದ ಎಂಬತ್ತೇಳರಲ್ಲಿ ಒಂದು ಪಾಲು; ಮನುಷ್ಯರು ಎರಡು ಸೆಂಟಿಮೀಟರ್. ಒಬ್ಬೊಬ್ಬರೂ ಒಂದೊಂದು ಹಲಗೆಯ ಮೇಲೆ ಒಂದೊಂದು ನಿಲ್ದಾಣ ಮಾಡುತ್ತಾರೆ. ಹಲಗೆಯ ಎರಡು ತುದಿಗಳು ಮಾತ್ರ ಸಂಘದ ಅಳತೆಗೆ ಕೂದಲೆಳೆಯಷ್ಟೂ ತಪ್ಪದಂತೆ ಇರಬೇಕು, ಆಗಲೇ ಒಬ್ಬರ ಹಲಗೆ ಇನ್ನೊಬ್ಬರದಕ್ಕೆ ಕೂಡುತ್ತದೆ. ನಡುವಿನ ಊರು ಅವರವರ ಇಷ್ಟ. ವರ್ಷಕ್ಕೊಮ್ಮೆ ಶರತ್ಕಾಲದಲ್ಲಿ ಎಲ್ಲವನ್ನೂ ಸೇರಿಸಿ ವೇಳಾಪಟ್ಟಿಯಂತೆ ಗಾಡಿ ಓಡಿಸುತ್ತಾರೆ, ಊರವರು ನೋಡಲು ಬರುತ್ತಾರೆ. ಹೊಸಬರು ಒಂದು ವರ್ಷ ಅತಿಥಿ. ಅವರ ಹಲಗೆಯ ಮೇಲೆ ಗಾಡಿ ಕೆಟ್ಟು ನಿಲ್ಲದೆ ದಾಟಿದರೆ ಸದಸ್ಯರು. ಸದಸ್ಯರಾದವರಿಗೆ ಆ ನೆಲಮಾಳಿಗೆಯ ಬೀಗದ ಕೈ ಕೊಡುತ್ತಾರೆ.

ನನಗೆ ಆ ಬೀಗದ ಕೈ ಬೇಕಾಗಿತ್ತು. ಈ ದೇಶದಲ್ಲಿ ನನ್ನ ಹತ್ತಿರ ಇದ್ದದ್ದು ಬಾಡಿಗೆ ಮನೆಯ ಬೀಗದ ಕೈ ಒಂದೇ, ಅದರಿಂದ ಬಾಗಿಲು ತೆಗೆದರೆ ಒಳಗೆ ಯಾರೂ ಇರುತ್ತಿರಲಿಲ್ಲ.

ಅರಸೀಕೆರೆ ಮಾಡುತ್ತೇನೆ ಎಂದೆ. ಹೆರ್ ಲಿಂಡ್ನರ್ ಪೆನ್ಸಿಲು ತೆಗೆದರು. "ಯಾವ ದಿನ? ಎಷ್ಟು ಗಂಟೆ?"

ಇದೆಂಥ ಪ್ರಶ್ನೆ ಎನಿಸಿತು. ಊರು ಊರೇ ತಾನೇ? ಆದರೆ ಯೋಚಿಸಿದಂತೆ ಗೊತ್ತಾಯಿತು, ನನ್ನ ತಲೆಯಲ್ಲಿ ಮೀಟರ್ ಗೇಜಿನ ಪಕ್ಕದಲ್ಲೇ ಈಗಿನ ಕರೆಂಟು ಕಂಬಗಳೂ ನಿಂತಿದ್ದವು. ಒಂದು ದಿನ ಆರಿಸಲೇಬೇಕಾಯಿತು. ಆಯುಧಪೂಜೆಯ ಬೆಳಿಗ್ಗೆ ಹತ್ತು ಗಂಟೆ ಎಂದೆ. ಅವತ್ತು ಇಂಜಿನ್ನಿನ ಮೂತಿಗೆ ಬಾಳೆಕಂದು ಕಟ್ಟಿ, ಚೆಂಡುಹೂವಿನ ಹಾರ ಹಾಕಿರುತ್ತಿದ್ದರು. ಇಂಜಿನ್ನು ನೀರು ಕುಡಿಯುವವರೆಗೆ ಗಾಡಿ ಹತ್ತು ನಿಮಿಷ ನಿಲ್ಲುತ್ತಿತ್ತು. ಆ ಹತ್ತು ನಿಮಿಷದಲ್ಲಿ ಸರೋಜಕ್ಕ ನನ್ನ ಕೈ ಹಿಡಿದು ಇಂಜಿನ್ನಿನಿಂದ ಕೊನೆಯ ಡಬ್ಬಿಯವರೆಗೆ ನಡೆಸಿಕೊಂಡು ಹೋಗಿ, ಗಾಡಿ ಹೊರಡುವ ಮೊದಲು ವಾಪಸು ಕರೆತರುತ್ತಿದ್ದಳು. ಜೀವನದಲ್ಲಿ ನನಗೆ ಅದಕ್ಕಿಂತ ದೊಡ್ಡ ಪ್ರಯಾಣ ನೆನಪಿಲ್ಲ.

ರಜೆಗೆ ಊರಿಗೆ ಹೋದಾಗ ಪ್ಲಾಟ್‌ಫಾರಂ ಮಾಡಲು ಕಲ್ಲು ಬೇಕೆಂದು ಅಕ್ಕನನ್ನು ಎಳೆದುಕೊಂಡು ಜಾವಗಲ್ ಮೇಲೆ ಹಳೇಬೀಡಿಗೆ ಹೋದೆ. ಬಸ್ತಿಹಳ್ಳಿ ದಾರಿಯಲ್ಲಿ ಬಳಪದ ಕಲ್ಲಿನಲ್ಲಿ ಗಣಪತಿ, ಆನೆ ಕೆತ್ತಿ ಮಾರುವ ಒಬ್ಬರು ಕೂತಿದ್ದರು. ಕೆಳಗೆ ಬಿದ್ದ ಚೂರುಗಳನ್ನು ಆಯತೊಡಗಿದೆ.

"ಅದ್ಯಾಕವ್ವಾ ಆ ಚೂರು? ಅದ್ರಾಗೆ ಒಂದು ಇಲಿನೂ ಆಗಾಕಿಲ್ಲ."

"ನನಗೆ ಸ್ಟೇಷನ್ ಆಗಬೇಕು," ಎಂದೆ.

ಆತ ಅಕ್ಕನ ಮುಖ ನೋಡಿದ. "ಇವ್ಳು ಹಂಗೇ ಕಣಪ್ಪ," ಎಂದಳು ಅಕ್ಕ. "ಬೆಳಗ್ಗೆ ಬಿಳಿ ಜನಕ್ಕೆ ಹಲ್ಲು ಕಟ್ತಾಳೆ, ಸಂಜೆ ಕಟ್ಕಳಾಕೆ ಯಾರೂ ಸಿಗದೆ ರೈಲು ಕಟ್ತಾಳೆ."

ಆತ ನಕ್ಕು, ಉಳಿಯಿಂದ ಇನ್ನೂ ನಾಲ್ಕು ತೆಳುವಾದ ಚಕ್ಕೆ ಎಬ್ಬಿಸಿ ಕೊಟ್ಟ. ಬಸ್ಸಿನಲ್ಲಿ ಅಕ್ಕ ಕರ್ಚೀಫಿನಲ್ಲಿ ಆ ಚೂರುಗಳನ್ನು ಗಂಟು ಕಟ್ಟಿಕೊಂಡು ಅರಸೀಕೆರೆ ಬರುವವರೆಗೆ ಮಡಿಲಲ್ಲಿ ಇಟ್ಟುಕೊಂಡಿದ್ದಳು.

ಹಲಗೆಯ ಮೇಲಿನ ತೆಂಗಿನ ಮರಗಳಿಗೆ ಅವಳೇ ಮಂಡಿಯಿಂದ ನಾರು ಕಳಿಸಿದಳು. ಮೇ ತಿಂಗಳಲ್ಲಿ ಸಂಘದವರೆಲ್ಲ ಸ್ವಿಟ್ಜರ್ಲೆಂಡಿಗೆ ಪ್ರವಾಸ ಹೋದೆವು, ಅಲ್ಲಿಯ ಮೀಟರ್ ಗೇಜ್ ನೋಡಲು. ಹಿಮದ ಬೆಟ್ಟದ ಹೊಟ್ಟೆಯಲ್ಲಿ ಸುತ್ತಿ ಸುತ್ತಿ ಹತ್ತುವ ಕೆಂಪು ರೈಲು ಅದು, ಕಣ್ಣು ಸಾಲದು. ಆದರೆ ಊಟದ ಹೊತ್ತಿಗೆ ಒಂಬತ್ತು ಜನರೂ ತಮ್ಮ ತಮ್ಮ ಬ್ರೆಡ್ಡಿನ ಪೊಟ್ಟಣ ಬಿಚ್ಚಿ ಕಿಟಕಿಯ ಕಡೆ ತಿರುಗಿ ತಿಂದರು. ನಮ್ಮ ಹಾಸನದ ಪ್ಯಾಸೆಂಜರಿನಲ್ಲಿ ಹೀಗೆ ತಿಂದರೆ ಗಂಟಲಲ್ಲಿ ಇಳಿಯುತ್ತದೆಯೇ? ನಾನು ಚಿತ್ರಾನ್ನದ ಡಬ್ಬಿ ತೆಗೆದು ಎಲ್ಲರಿಗೂ ಬಡಿಸಿದೆ. ಹಸಿಮೆಣಸಿನಕಾಯಿ ಸಿಕ್ಕಿದವರು ಅತ್ತರು. ವಾಪಸು ಬರುವಾಗ ಹೆರ್ ಲಿಂಡ್ನರ್ ನನ್ನ ಪಕ್ಕ ಕೂತು, ತಮ್ಮ ಬ್ರೆಡ್ಡನ್ನು ಅರ್ಧ ಮುರಿದು ನನ್ನ ಮುಂದೆ ಇಟ್ಟರು.

ಶರತ್ಕಾಲ ಬಂತು. ಗಾಡಿ ಓಡಿಸುವ ದಿನ ಸರಿಯಾಗಿ ಆಯುಧಪೂಜೆಗೇ ಬಿತ್ತು. ಹಿಂದಿನ ಸಂಜೆ ಹೆರ್ ಲಿಂಡ್ನರ್ ತಾವೇ ವರ್ಷಗಟ್ಟಲೆ ಕೂತು ಮಾಡಿದ ಕಪ್ಪು ಇಂಜಿನ್ನನ್ನು ನನ್ನ ಕೈಗೆ ಕೊಟ್ಟು, ನಿಮ್ಮ ಹಲಗೆಯ ಮೇಲೆ ಪರೀಕ್ಷಿಸಿ ನೋಡಿ ಎಂದರು. ಹತ್ತು ಸಲ ಓಡಿಸಿದೆ, ನೀರಿನಂತೆ ಹರಿಯಿತು. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ, ಹಲಗೆಗಳನ್ನೆಲ್ಲ ಜೋಡಿಸಿಟ್ಟಿದ್ದ ಸಭಾಂಗಣಕ್ಕೆ ಹೋಗಿ ಅಕ್ಕನಿಗೆ ವಿಡಿಯೋ ಕಾಲ್ ಮಾಡಿದೆ.

"ಪೂಜೆ ಆಯ್ತೇನೇ?"

"ಆಟದ ಗಾಡಿಗೆ ಏನಕ್ಕ ಪೂಜೆ."

"ಮುಚ್ಚೇ ಬಾಯಿ. ಇಲ್ಲಿ ತಕ್ಕಡಿಗೂ ಮಾಡೀವ್ನಿ. ಪೂಜೆ ಇಲ್ದೆ ಓಡಿಸ್ಬ್ಯಾಡ, ಹೇಳಿವ್ನಿ. ವಿಭೂತಿ ಹಚ್ಚು, ಚಕ್ರಕ್ಕೆ ನಿಂಬೆಹಣ್ಣು ಕೊಡು."

ನಿಂಬೆಹಣ್ಣು ಇಂಜಿನ್ನಿಗಿಂತ ಎತ್ತರವಾಗಿತ್ತು. ತೋರಿಸಿದೆ. ಅಕ್ಕ ಸ್ವಲ್ಪ ಯೋಚಿಸಿ, "ಹಂಗಾದ್ರೆ ಎಲ್ಡು ಹನಿ ಹಿಂಡು," ಎಂದಳು. ಹಿಂಡಿದೆ. ಕಟ್ಟು ಹಲ್ಲಿಗೆ ಬಣ್ಣ ಹಚ್ಚುವ ಸಣ್ಣ ಬ್ರಷ್ಷಿನಿಂದ ಇಂಜಿನ್ನಿನ ಮೂತಿಗೆ ಮೂರು ಗೆರೆ ವಿಭೂತಿ, ನಡುವೆ ಕುಂಕುಮ. ಹಳಿಗೂ ಒಂದಿಷ್ಟು. ಕೈ ಮುಗಿದೆ. ಅಲ್ಲಿ ಅಕ್ಕ ಗಂಟೆ ಬಾರಿಸಿದಳು.

ಹಲ್ಲಿನ ಕೆಲಸದವಳಿಗೆ ಇಷ್ಟಾದರೂ ಹೊಳೆಯಬೇಡವೇ! ಈ ರೈಲಿಗೆ ಕರೆಂಟು ಹಳಿಯಿಂದಲೇ ಚಕ್ರಕ್ಕೆ ಹತ್ತಬೇಕು. ಹಳಿಯ ಮೇಲೆ ಧೂಳು ಕೂತರೂ ಗಾಡಿ ನಿಲ್ಲುತ್ತದೆ. ನಾನು ನಿಂಬೆರಸದಲ್ಲಿ ವಿಭೂತಿ, ಕುಂಕುಮ ಕಲಸಿ ಬಳಿದಿದ್ದೆ.

ಬೆಳಿಗ್ಗೆ ಹತ್ತಕ್ಕೆ ಆ ಇಂಜಿನ್ನಿನದೇ ಮೊದಲ ಗಾಡಿ ಹೊರಟಿತು. ನೋಡಲು ಊರಿಗೆ ಊರೇ ಬಂದಿತ್ತು. ಗಾಡಿ ಅವರ ಕಾಡು ದಾಟಿತು, ಸೇತುವೆ ದಾಟಿತು, ಅರಸೀಕೆರೆಗೆ ಬಂತು. ನನ್ನ ತೆಂಗಿನ ಮರಗಳ ಕೆಳಗೆ ಒಮ್ಮೆ ಜಗ್ಗಿ ನಿಂತುಬಿಟ್ಟಿತು. ಒಬ್ಬರು ಗುಂಡಿ ಒತ್ತಿದರು, ಇಲ್ಲ. ಇನ್ನೊಬ್ಬರು ತಂತಿ ನೋಡಿದರು, ಇಲ್ಲ. ಹಿಂದಿನ ನಿಲ್ದಾಣಗಳಲ್ಲಿ ಬೇರೆ ಗಾಡಿಗಳೂ ಸಾಲಾಗಿ ನಿಂತವು. ಬೀಗದ ಕೈ ಹೋಯಿತು ಎಂದು ನನಗೆ ಗೊತ್ತಾಯಿತು.

ಹೆರ್ ಲಿಂಡ್ನರ್ ಬಂದು ಬಗ್ಗಿ ನೋಡಿದರು. ಹಳಿಯ ಮೇಲೆ ಬೆರಳಾಡಿಸಿದರು, ಕೆಂಪಾಯಿತು. ಮೂಸಿ ನೋಡಿದರು. ಆಮೇಲೆ ತಮ್ಮ ಇಂಜಿನ್ನಿನ ಮೂತಿ ನೋಡಿದರು.

"ಇದೇನು?"

ನಾನು ಬಡಬಡನೆ ಹೇಳಿದೆ. ವರ್ಷಕ್ಕೊಂದು ದಿನ ನಮ್ಮಲ್ಲಿ ದುಡಿಯುವ ಸಾಮಾನಿಗೆಲ್ಲ ಪೂಜೆ, ನೇಗಿಲಿಗೆ, ತಕ್ಕಡಿಗೆ, ಬಸ್ಸಿಗೆ, ರೈಲಿಗೆ. ವರ್ಷವಿಡೀ ನಮಗಾಗಿ ದುಡಿದಿವೆಯಲ್ಲ, ಅದಕ್ಕೆ. ನನ್ನ ಹಲಗೆಯ ದಿನವೂ ಅದೇ, ಇವತ್ತೂ ಅದೇ. ನನ್ನದು ತಪ್ಪಾಯಿತು ಎಂದೆ.

"ಇಂಜಿನ್ನಿಗೆ ಪೂಜೆ," ಎಂದು ಅವರು ತಮಗೆ ತಾವೇ ಹೇಳಿಕೊಂಡರು. ಮೂವತ್ತೆಂಟು ವರ್ಷ ಕಲ್ಲಿದ್ದಲಿನ ಹೊಗೆ ಕುಡಿದ ಮನುಷ್ಯನ ಕಣ್ಣು ತೇವವಾಗಿತ್ತು. "ಒರೆಸಲು ಎಷ್ಟು ಹೊತ್ತು ಬೇಕು?"

"ಹತ್ತು ನಿಮಿಷ."

ಅವರು ಮೈಕು ತೆಗೆದುಕೊಂಡು ಸಭಾಂಗಣಕ್ಕೆಲ್ಲ ಹೇಳಿದರು: "ಗಾಡಿ ಅರಸೀಕೆರೆಯಲ್ಲಿ ಹತ್ತು ನಿಮಿಷ ನಿಲ್ಲುತ್ತದೆ. ಇಂದು ಇಂಜಿನ್ನಿನ ಹಬ್ಬ." ಮತ್ತೆ ನನ್ನ ಕಡೆ ತಿರುಗಿ ಮೆಲ್ಲಗೆ, "ಹಳಿ ಮಾತ್ರ ಒರೆಸಿ. ಮುಖದ್ದು ಇರಲಿ," ಎಂದರು.

ಸಂಜೆ ಸದಸ್ಯರ ಸಭೆ. ಒಬ್ಬರು ನಿಯಮ ಎತ್ತಿದರು, ಗಾಡಿ ಕೆಟ್ಟು ನಿಂತಿತಲ್ಲ ಎಂದು. ಅವರು ಹೇಳಿದ್ದು ಸುಳ್ಳಲ್ಲ. ಹೆರ್ ಲಿಂಡ್ನರ್ ವೇಳಾಪಟ್ಟಿಯ ಹಾಳೆ ಮೇಜಿನ ಮೇಲಿಟ್ಟರು. ಅರಸೀಕೆರೆಯ ಮುಂದೆ ಎರಡು ನಿಮಿಷ ಎಂದಿದ್ದ ಕಡೆ ಗೆರೆ ಎಳೆದು, ಪೆನ್ಸಿಲಿನಲ್ಲಿ ಹತ್ತು ಎಂದು ಬರೆದಿದ್ದರು. "ನಿಲ್ಲಬೇಕಾದ ಕಡೆ ನಿಂತರೆ ಕೆಟ್ಟಂತಲ್ಲ," ಎಂದರು. ಒಂದು ನಿಮಿಷ ಹೆಚ್ಚುಕಮ್ಮಿ ಆದರೆ ಮುಖ ಗಂಟಿಕ್ಕುವ ಮನುಷ್ಯ! ಬೀಗದ ಕೈ ನನ್ನ ಅಂಗೈಗೆ ಬಂದಾಗ ಎಲ್ಲರೆದುರು ಅತ್ತುಬಿಟ್ಟೆ.

ಈ ವರ್ಷ ಊರಿಗೆ ಹೋದಾಗ ಬೆಂಗಳೂರಿನಿಂದ ಅರಸೀಕೆರೆಗೆ ರೈಲಿನಲ್ಲೇ ಬಂದೆ. ಅಕ್ಕ ಸ್ಟೇಷನ್ನಿಗೆ ಬಂದಿದ್ದಳು. ಎರಡು ಸೂಟ್‌ಕೇಸು ಇಳಿಸಿಕೊಳ್ಳುವಷ್ಟರಲ್ಲಿ ಸಾಕುಸಾಕಾಯಿತು.

"ಬಾರೇ, ಕೊನೆ ಡಬ್ಬಿಗಂಟ ಹೋಗಿ ಬರಾನ," ಎಂದು ಅಕ್ಕ ನನ್ನ ಕೈ ಹಿಡಿದಳು. ಅವಳಿಗೀಗ ಮಂಡಿನೋವು. ಮೂರು ಡಬ್ಬಿ ದಾಟಿರಲಿಲ್ಲ, ಗಾಡಿ ಸದ್ದಿಲ್ಲದೆ ಜಾರಿ ನಮ್ಮನ್ನು ಬಿಟ್ಟು ಹೋಯಿತು. ಖಾಲಿ ಹಳಿಯ ಮುಂದೆ ಇಬ್ಬರೂ ಕೈ ಹಿಡಿದುಕೊಂಡೇ ನಿಂತಿದ್ದೆವು.

"ನಿನ್ ಅರಸೀಕೇರಿಲಿ ಇನ್ನೂ ನಿಲ್ತದೇನೇ?"

"ಹತ್ತು ನಿಮಿಷ ನಿಲ್ಲತ್ತೆ ಕಣಕ್ಕ."

ಊರಿನಲ್ಲಿದ್ದಷ್ಟು ದಿನ ಆ ನೆಲಮಾಳಿಗೆಯ ನೆನಪಾಗುತ್ತಿತ್ತು. ಇಲ್ಲಿಗೆ ಬಂದ ಮೇಲೆ ಅಕ್ಕನ ಕೈಯ ನೆನಪು. ಎರಡೂ ಬೇಕೆನ್ನುವುದು ದುರಾಸೆಯೇ ಇರಬಹುದು. ಈಗ ಪ್ರತಿ ಬುಧವಾರ ಸಂಜೆ ನಾನೇ ಬೀಗ ತೆಗೆದು, ದೀಪ ಹಾಕಿ, ಅಕ್ಕನಿಗೆ ಫೋನು ಮಾಡುತ್ತೇನೆ. ಬಳಪದ ಕಲ್ಲಿನ ಪ್ಲಾಟ್‌ಫಾರಮ್ಮಿನ ಮೇಲೆ ಎರಡು ಸೆಂಟಿಮೀಟರಿನ ಅಕ್ಕ, ಅವಳ ಕೈ ಹಿಡಿದ ನಾನು. ಮೂತಿಯ ಮೇಲೆ ಮಾಸಿದ ಕುಂಕುಮ ಹೊತ್ತು ಕಪ್ಪು ಇಂಜಿನ್ನು ಬಂದು ನಿಲ್ಲುತ್ತದೆ.

"ಊಟ ಆಯ್ತೇನೇ?" ಎನ್ನುತ್ತಾಳೆ ಅಕ್ಕ. ಮಂಡಿಯ ಸುದ್ದಿ, ಮೊಣಕಾಲಿನ ಸುದ್ದಿ ಹೇಳುತ್ತಾಳೆ. ಆಮೇಲೆ ಒಮ್ಮೆಲೇ ನಿಲ್ಲಿಸಿ, "ಗಾಡಿ ಹೊಂಟೋಯ್ತಾ?" ಎಂದು ಗಾಬರಿಯಿಂದ ಕೇಳುತ್ತಾಳೆ.

"ಇಲ್ಲ ಕಣಕ್ಕ. ಇನ್ನೂ ಆರು ನಿಮಿಷ ಐತೆ."